ಓದುಗರ ಸ್ಪಂದನ: ಒಂಬತ್ತರ ಚಿನ್ನಿ ಪಾವಟಿಗೆಯ ಮುಂದೆ ನಿಂತಾಗ

ಧಾರವಾಡದ ಮಾಳಮಡ್ಡಿಯ ಓದುಗರೊಬ್ಬರು ತಮ್ಮ ಒಂಬತ್ತು ವರ್ಷದ ಡ್ಯಾಶ್‌ಹಂಡ್ ನಾಯಿ ಚಿನ್ನಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಮನೆಯ ಮುಂದಿನ ಮೂರು ಪಾವಟಿಗೆಗಳನ್ನು ಏರಲು ಅದು ಈಚೆಗೆ ಹಿಂಜರಿಯುತ್ತದೆ, ಹದಿನೈದು ದಿನದ ಹಿಂದೆ ಎತ್ತಿಕೊಂಡಾಗ ಒಮ್ಮೆ ಚೀರಿತು, ತೂಕ 13 ಕಿಲೊ ಇದೆ. ನಾಯಿಯನ್ನು ಹಟಹಿಡಿದು ತರಿಸಿದ್ದ ಮಗಳು ನೌಕರಿಗೆಂದು ಪುಣೆಗೆ ಹೋಗಿದ್ದಾಳೆ. ಡ್ಯಾಶ್ ನಾಯಿ ಹತ್ತು ವರ್ಷ ದಾಟುವುದಿಲ್ಲವೆಂದು ನೆರೆಯವರು ಹೇಳಿದಂದಿನಿಂದ ತಾವು ನಡುರಾತ್ರಿ ಎದ್ದು ಅದರ ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಕೂರುವುದಾಗಿ ಅವರು ತಿಳಿಸಿದ್ದರು. ಚಿನ್ನಿಗೆ ಇನ್ನೆಷ್ಟು ಆಯುಷ್ಯವಿದೆ, ಬೆನ್ನಿನ ತೊಂದರೆ ಬಂದೇ ಬರುತ್ತದೆಯೇ, ತಿರುಗಾಡಿಸುವುದನ್ನು ನಿಲ್ಲಿಸಬೇಕೇ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ನಾಲ್ಕು ಇಲ್ಲಿವೆ.

ಹುಬ್ಬಳ್ಳಿಯ ವಿದ್ಯಾನಗರದಿಂದ, ನಿವೃತ್ತ ಬ್ಯಾಂಕ್ ನೌಕರರು

ಸಹೋದರಿಯವರೇ, ಚಿನ್ನಿ ‘ಎತ್ತಿಕೊಂಡಾಗ ಒಮ್ಮೆ ಚೀರಿತು’ ಎಂಬ ಮಾತನ್ನು ನೀವು ಪತ್ರದ ನಡುವೆಲ್ಲೋ ಹೇಳಿ ಮುಂದೆ ಸಾಗಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಹನ್ನೊಂದು ವರ್ಷದ ಹಿಂದೆ ನಮ್ಮ ರಾಜಾನೂ ಅಂಥದೇ ಒಂದು ಚೀರು ಹಾಕಿದ್ದ. ನಾವು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ರಾಜಾನಿಗೆ ಆಗ ಆರು ವರ್ಷ. ಬೆಳಿಗ್ಗೆ ಹಾಲಿನವನ ಸೈಕಲ್ ಗಂಟೆ ಕೇಳಿದೊಡನೆ ದಿವಾನದ ಮೇಲಿಂದ ಜಿಗಿದು ಬಾಗಿಲಿಗೆ ಓಡುವುದು ಅವನ ನಿತ್ಯದ ಪದ್ಧತಿಯಾಗಿತ್ತು. ಆ ದಿನವೂ ಜಿಗಿದ, ‘ಕಂಯ್’ ಎಂದ, ಏನೂ ಆಗಿಲ್ಲವೆಂಬಂತೆ ಓಡಿದ. ಸಂಜೆಯ ಹೊತ್ತಿಗೆ ಅವನ ಬೆನ್ನು ಕಮಾನಿನಂತೆ ಬಾಗಿತ್ತು, ಹಿಂಗಾಲುಗಳು ಒಂದಕ್ಕೊಂದು ತೊಡರತೊಡಗಿದ್ದವು. ಉಳುಕಿರಬೇಕೆಂದು ಹರಳೆಣ್ಣೆ ಕಾಯಿಸಿ ಸವರಿ ನೀವಿದೆವು. ಅದಕ್ಕಿಂತ ದೊಡ್ಡ ತಪ್ಪೆಂದರೆ, ನನ್ನ ಮೊಣಕಾಲು ನೋವಿನ ಮಾತ್ರೆಯ ಕಾಲುಭಾಗವನ್ನು ಬೆಲ್ಲದಲ್ಲಿ ಹುದುಗಿಸಿ ನುಂಗಿಸಿದೆವು. ಮರುದಿನ ಬೆಳಿಗ್ಗೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಅವನು ಬರುವ ಸದ್ದೇ ಬೇರೆಯಾಗಿತ್ತು: ಮುಂದೆ ಎರಡು ಕಾಲುಗಳ ಉಗುರಿನ ಟಕಟಕ, ಹಿಂದಿನಿಂದ ಒದ್ದೆ ಬಟ್ಟೆಯನ್ನು ಎಳೆದಂಥ ಸಪ್ಪಳ.

ಪಶುವೈದ್ಯರು ಮೊದಲು ನನ್ನನ್ನು ಬೈದರು. ಮನುಷ್ಯರಿಗೆ ಬರೆದುಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೇನ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಅಂಥ ಮಾತ್ರೆ ಕೊಟ್ಟಿದ್ದನ್ನು ಮುಚ್ಚಿಟ್ಟು, ಅದರ ಮೇಲೆ ವೈದ್ಯರು ಸ್ಟೀರಾಯ್ಡ್ ಕೊಟ್ಟರಂತೂ ಕರುಳು ತೂತಾಗುವ ಅಪಾಯವೂ ಇರುತ್ತದೆ ಎಂದರು. ಆಮೇಲೆ ಡಿಸ್ಕ್ ಎಂದರೇನೆಂದು ಹೂರಣಗಡುಬಿನ ಹೋಲಿಕೆ ಕೊಟ್ಟು ತಿಳಿಸಿದರು. ಬೆನ್ನುಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕಿಗೆ ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆತ್ತಗಿನ ಹೂರಣ. ಈ ತಳಿಯಲ್ಲಿ ಆ ಹೂರಣ ಎಳೆಯ ಪ್ರಾಯದಲ್ಲೇ ಒಣಗಿ ಸುಣ್ಣಗಟ್ಟುತ್ತದೆ. ಕಣಕ ಬಿರಿದ ದಿನ ಅದು ಮೇಲಕ್ಕೆ ನುಗ್ಗಿ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ ಹೀಗಾಗುವುದು ಪಕ್ಕೆಲುಬು ಮುಗಿದು ಸೊಂಟ ಆರಂಭವಾಗುವ ಜಾಗದಲ್ಲಿ.

ಬಳಿಕ ಅವರು ಚಿಮಟದಿಂದ ರಾಜಾನ ಹಿಂಗಾಲಿನ ಬೆರಳನ್ನು ಬಲವಾಗಿ ಹಿಸುಕಿದರು. ಅವನು ತಲೆ ತಿರುಗಿಸಿ ಕೈಗೆ ಬಾಯಿ ಹಾಕಲು ಬಂದ. ನನಗೆ ಕರುಳು ಚುರಕ್ಕೆಂದಿತು. ಅವರು ಮಾತ್ರ ಸಮಾಧಾನದ ಉಸಿರು ಬಿಟ್ಟರು. ಆಳದ ನೋವು ಗೊತ್ತಾಗುವ ತನಕ ಶಸ್ತ್ರಚಿಕಿತ್ಸೆಯಾದ ಹತ್ತರಲ್ಲಿ ಸುಮಾರು ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ, ಆ ಅರಿವೂ ಹೋದರೆ ಅದು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಇದು ದಿನಗಳನ್ನು ಕಾಯುವ ಕಾಯಿಲೆಯಲ್ಲ, ಗಂಟೆಗಳ ಲೆಕ್ಕದ್ದು ಎಂದರು. ನಮಗೆ ಆಗ ಬೆಂಗಳೂರಿನವರೆಗೆ ಒಯ್ಯುವ ಅನುಕೂಲವಿರಲಿಲ್ಲ. ಕಾಲು ಪೂರ್ತಿ ಬಿದ್ದ ನಾಯಿಗೆ ಶಸ್ತ್ರಚಿಕಿತ್ಸೆಯೇ ಮೇಲೆಂದು ಅವರು ಸ್ಪಷ್ಟವಾಗಿ ಹೇಳಿದ್ದರೂ, ನಾವು ಔಷಧ ಮತ್ತು ವಿಶ್ರಾಂತಿಯ ದಾರಿಯನ್ನೇ ಹಿಡಿದೆವು. ಅದು ಫಲಿಸಿದ್ದು ನಮ್ಮ ಪುಣ್ಯ. ಅದನ್ನು ನೋಡಿ ಬೇರೆಯವರು ಹಾಗೆಯೇ ಮಾಡಬೇಕೆಂದು ನಾನು ಹೇಳಲಾರೆ.

ವಿಶ್ರಾಂತಿಯೆಂದರೆ ಮನೆಯೊಳಗೆ ಸುಮ್ಮನೆ ಇರಿಸುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಹಳೆಯ ಮಂಚದ ಪಟ್ಟಿಗಳನ್ನು ಕಟ್ಟಿ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಕಟಕಟೆ ಮಾಡಿ, ಒಳಗೆ ನಮ್ಮ ಅವ್ವನ ಕೌದಿ ಹಾಸಿ, ಆರು ವಾರ ಅವನನ್ನು ಅದರಲ್ಲೇ ಇಟ್ಟೆವು. ಮೂತ್ರ ತಾನಾಗಿ ಬರುತ್ತಿರಲಿಲ್ಲವಾದ್ದರಿಂದ, ವೈದ್ಯರು ಕೈಹಿಡಿದು ಕಲಿಸಿದಂತೆ, ದಿನಕ್ಕೆ ನಾಲ್ಕು ಸಲ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒತ್ತಿ ತೆಗೆಯುತ್ತಿದ್ದೆ. ಹದಿನೇಳನೆಯ ದಿನ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಾಗ, ಆ ಸದ್ದಿಗೆ ಅವನ ಬಾಲದ ತುದಿ ಎರಡು ಸಲ ಅಲುಗಿತು. ಆಕೆ ಹಿಟ್ಟಿನ ಕೈಯಲ್ಲೇ ಬಂದು ನನ್ನನ್ನು ಕರೆದಳು. ಮೂರು ತಿಂಗಳಿಗೆ ತುಸು ವಾಲುತ್ತ ನಡೆದ, ಹದಿನಾಲ್ಕು ವರ್ಷ ಬದುಕಿದ. ಕಡೆಗೆ ಅವನನ್ನು ಒಯ್ದದ್ದು ಹೃದಯದ ಕಾಯಿಲೆ, ಬೆನ್ನಲ್ಲ.

ಆದ್ದರಿಂದ ಚಿನ್ನಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿರಿ. ಅದು ನಡುಗಿದರೆ, ತಲೆ ಎತ್ತಲು ಒಲ್ಲೆನೆಂದರೆ, ಮುಟ್ಟಿದಾಗ ಹೊಟ್ಟೆ ಬಿಗಿಹಿಡಿದರೆ ನೋವಿದೆಯೆಂದು ತಿಳಿಯಿರಿ. ಹಿಂಗಾಲಿನ ಪಾದ ಮಡಚಿಕೊಂಡು ಮೇಲ್ಭಾಗ ನೆಲಕ್ಕೆ ಉಜ್ಜುತ್ತಿದ್ದರೆ ಅಥವಾ ಕಾಲು ಎಳೆಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿರಿ.

ಗದಗ-ಬೆಟಗೇರಿಯಿಂದ, ನಿವೃತ್ತ ಪಶುವೈದ್ಯರು

ಹತ್ತು ವರ್ಷದ ಮಾತನ್ನು ನಿಮ್ಮ ನೆರೆಯವರು ಎಲ್ಲಿಂದ ತಂದರೋ ತಿಳಿಯದು. ದೈತ್ಯ ಗಾತ್ರದ ತಳಿಗಳಿಗೆ ಅದು ಸರಿಯಾದೀತು. ನಾಯಿಗಳಲ್ಲಿ ಗಾತ್ರ ಚಿಕ್ಕದಾದಷ್ಟೂ ಆಯುಷ್ಯ ಹೆಚ್ಚು. ಡ್ಯಾಶ್‌ಹಂಡ್ ಸಾಮಾನ್ಯವಾಗಿ 12ರಿಂದ 16 ವರ್ಷ ಬದುಕುವ ತಳಿ. ಅಮೆರಿಕದಲ್ಲಿ 2009ರಲ್ಲಿ ತೀರಿಕೊಂಡ ಚಾನೆಲ್ ಎಂಬ ಡ್ಯಾಶ್‌ಹಂಡ್ 21 ವರ್ಷ ಬದುಕಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಅಂಥದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ನಿಜ. ಆದರೆ ಒಂಬತ್ತಕ್ಕೇ ಕಣ್ಣೀರು ಹಾಕುವ ಕಾರಣವೂ ಇಲ್ಲ. ಮನುಷ್ಯರ ಲೆಕ್ಕದಲ್ಲಿ ಚಿನ್ನಿ ಐವತ್ತು ದಾಟಿದ ಗೃಹಿಣಿ.

ಬೆನ್ನಿನ ತೊಂದರೆ ಬಂದೇ ಬರುತ್ತದೆಯೇ ಎಂದು ಕೇಳಿದ್ದೀರಿ. ಈ ತಳಿಯಲ್ಲಿ ಸುಮಾರು ನಾಲ್ಕೈದು ನಾಯಿಗಳಲ್ಲಿ ಒಂದಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಡಿಸ್ಕಿನ ತೊಂದರೆ ಕಾಣಿಸುತ್ತದೆ, ಉಳಿದವಕ್ಕೆ ಇಲ್ಲ. ಹೆಚ್ಚಿನವಕ್ಕೆ ಬರುವುದು ನಾಲ್ಕರಿಂದ ಏಳರ ನಡುವಿನ ವಯಸ್ಸಿನಲ್ಲಿ. ಚಿನ್ನಿ ಆ ಘಟ್ಟವನ್ನು ದಾಟಿದೆ, ಆದರೆ ಪೂರ್ತಿ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಬೆನ್ನು ಉದ್ದವಾಗಿರುವುದರಿಂದಲೇ ಹೀಗಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಜರ್ಮನಿಯ ಬೇಟೆಗಾರರು ಬ್ಯಾಜರ್ ಎಂಬ ಪ್ರಾಣಿಯ ಬಿಲಕ್ಕೆ ನುಗ್ಗಲೆಂದು ಗಿಡ್ಡ ಕಾಲಿನ ನಾಯಿಗಳನ್ನೇ ಆಯ್ದು ಆಯ್ದು ಬೆಳೆಸಿದರು. ತಳಿಯ ಹೆಸರಿನಲ್ಲಿರುವ ‘ಡಾಕ್ಸ್’ ಎಂದರೆ ಅದೇ ಬ್ಯಾಜರ್. ಕಾಲಿನ ಎಲುಬನ್ನು ಗಿಡ್ಡ ಮಾಡುವ ಗುಣವೇ ಡಿಸ್ಕನ್ನೂ ಬೇಗ ಮುಪ್ಪಾಗಿಸುತ್ತದೆ. ನಾಯಿಯ 12ನೆಯ ವರ್ಣತಂತುವಿನಲ್ಲಿ ಬಂದು ಸೇರಿಕೊಂಡ ಎಫ್‌ಜಿಎಫ್‌4 ಎಂಬ ಜೀನಿನ ಹೆಚ್ಚುವರಿ ಪ್ರತಿ ಇದಕ್ಕೆ ಕಾರಣವೆಂದು 2017ರಲ್ಲಿ ಸಂಶೋಧಕರು ತೋರಿಸಿದರು. ಆದ್ದರಿಂದ ನೀವು ಚಿನ್ನಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ಅಪರಾಧಿ ಭಾವ ಬೇಡ; ಅದು ಹುಟ್ಟಿನಿಂದ ಬಂದದ್ದು.

ನಿಮ್ಮ ಕೈಯಲ್ಲಿರುವುದು ತೂಕ. 13 ಕಿಲೊ ಎಂಬ ಅಂಕಿ ನೋಡಿ ನಾನು ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದೆ. ಎಲುಬಿನ ಗಾತ್ರ ದೊಡ್ಡದಿದ್ದರೆ ಅಷ್ಟು ತೂಕ ಸರಿಯಾಗಿರಲೂಬಹುದು, ಆದ್ದರಿಂದ ತಕ್ಕಡಿಗಿಂತ ಬೆರಳನ್ನು ನಂಬಿರಿ. ಅಂಗೈಯನ್ನು ಪಕ್ಕೆಯ ಮೇಲೆ ಮೆಲ್ಲಗೆ ಆಡಿಸಿದಾಗ ಎಲುಬುಗಳು ಎಣಿಕೆಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಒಳಕ್ಕೆ ಹೋಗಿರಬೇಕು. ಸಿಗದಿದ್ದರೆ ವಾರಕ್ಕೆ ನೂರು ಗ್ರಾಂನಂತೆ ಇಳಿಸಿರಿ, ಉಪವಾಸ ಹಾಕಬೇಡಿರಿ. ಧಾರವಾಡದ ಮನೆಯಾದ್ದರಿಂದ ಕೇಳುತ್ತೇನೆ, ಬಂದವರೆಲ್ಲ ಅದಕ್ಕೆ ಪೇಢೆಯ ಚೂರು ಕೊಡುತ್ತಾರಲ್ಲವೇ? ಅದನ್ನು ನಿಲ್ಲಿಸಿರಿ. ಉಳ್ಳಾಗಡ್ಡಿ ಹಾಕಿದ ಪಲ್ಯ, ಒಣದ್ರಾಕ್ಷಿ ಹಾಕಿದ ಶಿರಾ ಎರಡೂ ನಾಯಿಗೆ ವಿಷ; ಉಳ್ಳಾಗಡ್ಡಿ ರಕ್ತವನ್ನು, ದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಊಟ ಹೆಚ್ಚಿಲ್ಲದೆಯೂ ಹೊಟ್ಟೆ ಜೋತುಬಿದ್ದು, ನೀರು ಬಹಳ ಕುಡಿದು, ಕೂದಲು ತೆಳುವಾಗುತ್ತಿದ್ದರೆ ಅದು ಕುಶಿಂಗ್ ಎಂಬ ಗ್ರಂಥಿಯ ಕಾಯಿಲೆ ಇರಬಹುದು. ವಯಸ್ಸಾದ ಡ್ಯಾಶ್‌ಗಳಲ್ಲಿ ಅದು ಅಪರೂಪವಲ್ಲ. ವರ್ಷಕ್ಕೆ ಎರಡು ಸಲ ರಕ್ತ, ಮೂತ್ರ, ಹಲ್ಲು, ಹೃದಯ ಪರೀಕ್ಷೆ ಮಾಡಿಸಿರಿ. ಕಣ್ಣಿನಲ್ಲಿ ನೀಲಿ ಮಬ್ಬು ಕಂಡರೆ ಕುರುಡಾಯಿತೆಂದು ಗಾಬರಿಯಾಗಬೇಡಿರಿ. ಹೆಚ್ಚಿನ ಸಲ ಅದು ವಯಸ್ಸಿನ ಮಬ್ಬು, ದೃಷ್ಟಿಗೆ ಅಷ್ಟಾಗಿ ತೊಂದರೆಯಿಲ್ಲ.

ಪರೀಕ್ಷೆಯಲ್ಲಿ ಡಿಸ್ಕಿನ ನೋವೆಂದು ಕಂಡುಬಂದರೆ ವೈದ್ಯರು ಹೇಳಿದಷ್ಟು ದಿನ ಕಡ್ಡಾಯ ವಿಶ್ರಾಂತಿ. ಇಲ್ಲವೆಂದಾದರೆ ತಿರುಗಾಟವನ್ನು ಖಂಡಿತ ನಿಲ್ಲಿಸಬೇಡಿರಿ, ಏಕೆಂದರೆ ಬೆನ್ನನ್ನು ಹಿಡಿದು ನಿಲ್ಲಿಸುವುದು ಅದರ ಸುತ್ತಲಿನ ಸ್ನಾಯು, ಮತ್ತು ಕುಳಿತ ನಾಯಿಯ ಸ್ನಾಯು ಬೇಗ ಕರಗುತ್ತದೆ. ಸಮತಟ್ಟಾದ ದಾರಿಯಲ್ಲಿ ಬೆಳಿಗ್ಗೆ, ಸಂಜೆ ಇಪ್ಪತ್ತು ನಿಮಿಷ ಸಾಕು. ಕೊರಳಪಟ್ಟಿಗೆ ಹಗ್ಗ ಕಟ್ಟದೆ ಎದೆಗೆ ತೊಡಿಸುವ ಹಾರ್ನೆಸ್ ಹಾಕಿರಿ. ದೊಡ್ಡ ಪರೀಕ್ಷೆಗಳು ಬೇಕಾದರೆ ನಮ್ಮ ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ; ನಿಮ್ಮ ವೈದ್ಯರಿಂದ ಚೀಟಿ ಬರೆಸಿಕೊಂಡು ವಿಚಾರಿಸಬಹುದು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಿಂದ, ಬಡಿಗತನದ ಕೆಲಸದವರು

ಅಕ್ಕಾವರೇ, ನಾಯಿಯ ವೈದ್ಯ ನನಗೆ ಗೊತ್ತಿಲ್ಲ, ಪಾವಟಿಗೆಯ ವಿಷಯ ಗೊತ್ತಿದೆ. ನಿಮ್ಮ ಮೂರು ಪಾವಟಿಗೆಗಳು ಆರಾರು ಇಂಚಿನವಾದರೆ ಒಟ್ಟು ಎತ್ತರ ಒಂದೂವರೆ ಅಡಿ. ಅದಕ್ಕೆ ಆರು ಅಡಿ ಉದ್ದದ ಹಲಗೆ ಇಳಿಜಾರಾಗಿ ಕೂಡಿಸಿದರೆ ಗಿಡ್ಡ ಕಾಲಿನ ನಾಯಿ ಆಯಾಸವಿಲ್ಲದೆ ಏರುತ್ತದೆ. ನಾಲ್ಕಡಿಯ ಹಲಗೆ ಹಾಕಿ ಖರ್ಚು ಉಳಿಸಲು ಹೋಗಬೇಡಿರಿ, ಏರು ಕಡಿದಾಗುತ್ತದೆ. ಅಗಲ ಒಂದೂಕಾಲು ಅಡಿ ಇರಲಿ, ಎರಡೂ ಅಂಚಿಗೆ ಒಂದಿಂಚಿನ ಪಟ್ಟಿ ಹೊಡೆಸಿರಿ. ಮೇಲೆ ಪಾಲಿಶ್ ಬೇಡ, ಗೋಣಿತಾಟನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯಬೇಕು. ಆದರೆ ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಚೀಲ ಮಾತ್ರ ಬೇಡ. ನಮ್ಮ ಮನೆಯ ಮುದಿ ನಾಯಿಗೆ ಹಾಗೆ ಮಾಡಿಕೊಟ್ಟು ಎರಡು ದಿನ ಅದೂ ನಾವೂ ಸೀನಿದೆವು.

ಒಳಗಿನ ನೆಲ ನುಣುಪಾದ ಗ್ರಾನೈಟ್ ಆಗಿದ್ದರೆ ಅದು ಓಡಾಡುವ ದಾರಿಗೆ ಹಳೆಯ ಜಮಖಾನೆ ಹಾಸಿರಿ, ನವಲಗುಂದದ್ದು ಇದ್ದರೆ ಇನ್ನೂ ಚಲೋ, ಕಾಲಿಗೆ ಹಿಡಿತ ಸಿಗುತ್ತದೆ. ಹೊಸ ಹಲಗೆಯ ಮೇಲೆ ನಾಯಿಯನ್ನು ದೂಡಬಾರದು. ಮೊದಲ ನಾಲ್ಕು ದಿನ ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟು ತಿನಿಸು ತೋರಿಸಿ ನಡೆಸಿರಿ, ಆಮೇಲೆ ಒಂದು ತುದಿ ಎತ್ತಿರಿ.

ಧಾರವಾಡದ ಸಪ್ತಾಪುರದಿಂದ, ಕಾಲೇಜು ಉಪನ್ಯಾಸಕಿ

ರಾತ್ರಿ ಎದ್ದು ನೋಡುವುದನ್ನು ಬಿಡಿರಿ ಎಂದು ನಿಮಗೆ ಅನೇಕರು ಹೇಳುತ್ತಾರೆ. ನನಗೂ ಹೇಳಿದ್ದರು; ಬಿಡಲಾಗಲಿಲ್ಲ. ಹದಿನೈದು ತುಂಬಿದ ನನ್ನ ಸೋನಿ ಕಳೆದ ಶ್ರಾವಣದಲ್ಲಿ ತೀರಿಕೊಂಡಿತು. ಅದಕ್ಕೂ ಆರು ವರ್ಷ ಮೊದಲಿನಿಂದ, ಅಂದರೆ ಚಿನ್ನಿಯ ವಯಸ್ಸಿನಿಂದಲೇ, ನಾನು ಹೀಗೆ ಎದ್ದು ಕೂರುತ್ತಿದ್ದೆ. ಆರು ವರ್ಷದ ನಿದ್ದೆಯನ್ನು ಹೀಗೆ ಕಳೆದುಕೊಂಡೆನಲ್ಲ ಎಂದು ಈಗ ಅನ್ನಿಸುತ್ತದೆ.

ಆ ಅಭ್ಯಾಸಕ್ಕೆ ಒಂದು ಪ್ರಯೋಜನ ಕಲ್ಪಿಸಿಕೊಟ್ಟವರು ನಮ್ಮ ವೈದ್ಯರು. ನೋಡುವುದಾದರೆ ಎಣಿಸಿರಿ ಎಂದರು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ಉಸಿರೆಂದು ಹಿಡಿದು ಒಂದು ನಿಮಿಷ ಎಣಿಸಬೇಕು. ಮೂವತ್ತಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, ಮೇಲಿಂದ ಮೇಲೆ ಮೂವತ್ತನ್ನು ದಾಟಿದರೆ ಹೃದಯವನ್ನು ಪರೀಕ್ಷಿಸಬೇಕು. ಕನಸು ಕಂಡು ಕಾಲು ಆಡಿಸುತ್ತಿರುವಾಗ ಎಣಿಸಬಾರದು. ನಾನು ಮಲಗುವ ಮುನ್ನ ಒಮ್ಮೆ ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಅಂಕಿ ಬರೆಯತೊಡಗಿದೆ. ಹದಿನೆಂಟು, ಹದಿನಾರು, ಇಪ್ಪತ್ತು. ಬರೆದಾದ ಮೇಲೆ ಮತ್ತೆ ಏಳುವ ಅಗತ್ಯ ಕಡಿಮೆಯಾಯಿತು. ಅದೇ ಚೌಕದಲ್ಲಿ ತೂಕ, ಊಟ ಬಿಟ್ಟದ್ದು, ಚೀರಿದ್ದು ಎಲ್ಲವನ್ನೂ ಗುರುತು ಹಾಕುತ್ತಿದ್ದೆ. ವೈದ್ಯರ ಮುಂದೆ ‘ಈಚೆಗೆ ಒಮ್ಮೆ’ ಎಂದು ತಡವರಿಸುವುದು ತಪ್ಪಿತು.

ಇನ್ನೊಂದು ಮಾತು, ಕೇಳಬಾರದಿತ್ತೆಂದರೆ ಕ್ಷಮಿಸಿರಿ. ಚಿನ್ನಿಯನ್ನು ತಂದವಳು ಮಗಳು, ಕಾಯುತ್ತಿರುವವರು ನೀವು. ಅದು ಚೀರಿದ ವಿಷಯವನ್ನು ಮಗಳಿಗೆ ತಿಳಿಸಿದ್ದೀರಾ? ದೂರವಿರುವವನಿಗೆ ಏಕೆ ಚಿಂತೆಯೆಂದು ನಾನು ನನ್ನ ಮಗನಿಗೆ ತಿಳಿಸದೆ ಇಟ್ಟಿದ್ದೆ. ಕಡೆಯ ವಾರ ಫೋನ್ ಮಾಡಿದಾಗ ಅವನು ಬಹಳ ಹೊತ್ತು ಮಾತಾಡಲೇ ಇಲ್ಲ. ತಿಳಿಸಿರಿ. ದೀಪಾವಳಿಗೆ ಅವಳು ಬಂದಾಗ ಚಿನ್ನಿ ಓಡಿಬರುತ್ತದೆ, ಅವಳು, ಅದು ಮರಿಯಾಗಿದ್ದಾಗಿನ ರೂಢಿಯಂತೆ, ಮುಂಗಾಲಿನ ಸಂದಿಗೆ ಕೈಹಾಕಿ ಮೇಲಕ್ಕೆತ್ತಲು ಹೋಗುತ್ತಾಳೆ. ಹಾಗೆ ಎತ್ತಿದರೆ ಬೆನ್ನು ಪೂರ್ತಿ ಜೋತುಬೀಳುತ್ತದೆ. ಅವಳು ಬಾಗಿಲು ದಾಟುವ ಮೊದಲೇ ನೀವು ಚಿನ್ನಿಯನ್ನು ಎತ್ತಿಕೊಂಡು ನಿಂತಿರಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿ. ಮತ್ತು ಅದೇ ಭಂಗಿಯಲ್ಲಿ ಅವಳ ತೋಳಿಗೆ ದಾಟಿಸಿರಿ.