ಸಹಾಯ ಬೇಕು: ಕೊಳಲು ಪಾಠದ ನಡುವೆ ಸ್ವಂತ ರಿಯಾಜ್ (ಅಭ್ಯಾಸ) ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಕಲಿಸುತ್ತೇನೆ. ಈಗ 14 ಮಕ್ಕಳಿದ್ದಾರೆ. ಕಛೇರಿ ಸಿಗುವುದು ವರ್ಷಕ್ಕೆ ಮೂರೋ ನಾಲ್ಕೋ, ಅದೂ ಜಾಸ್ತಿ ಗಣೇಶನ ಹಬ್ಬದಲ್ಲಿ.

ಸಂಜೆ ಪಾಠ ಮುಗಿಯುವಷ್ಟರಲ್ಲಿ ತುಟಿ ಸೋತಿರುತ್ತದೆ. ಚಿಕ್ಕ ಮಕ್ಕಳ ಬೆರಳು ಉದ್ದ ಕೊಳಲಿನ ತೂತುಗಳಿಗೆ ಎಟುಕುವುದಿಲ್ಲ, ಹಾಗಾಗಿ ಅವರ ಜೊತೆ ನಾನೂ ಗಿಡ್ಡ ಕೊಳಲನ್ನೇ ನುಡಿಸಬೇಕು. ಆಮೇಲೆ ನನ್ನ 30 ಇಂಚಿನ ಕೊಳಲು ಹಿಡಿದರೆ ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರ ತುಂಬಿ ಬರುವುದೇ ಇಲ್ಲ. ತುಂಬಾ ಬೇಜಾರಾಗುತ್ತದೆ.

ಆಕಾಶವಾಣಿ ಕಲಾವಿದರಿಗೆ ಕೊಡುವ ಬಿ ಗ್ರೇಡ್ ಶ್ರೇಣಿಗೆ ಆಡಿಷನ್ ಕೊಡಬೇಕೆಂದಿದ್ದೇನೆ. ಹೆಸರಾಂತ ಬಾನ್ಸುರಿ ವಾದಕ ಹರಿಪ್ರಸಾದ್ ಚೌರಾಸಿಯಾ ಅವರೂ 1957ರಲ್ಲಿ ಕಟಕ್ ಆಕಾಶವಾಣಿಯಲ್ಲಿ ಕೆಲಸಕ್ಕೆ ಸೇರಿದ್ದರು, ಸುರ್‌ಬಹಾರ್ ವಾದಕಿ, ಗುರು ಅನ್ನಪೂರ್ಣಾದೇವಿ ಅವರ ಬಳಿ ಕಲಿತದ್ದು ಆಮೇಲೆ. ಅದನ್ನು ನೆನೆದಾಗಲೆಲ್ಲ ಧೈರ್ಯ ಬರುತ್ತದೆ.

ಕಛೇರಿ, ಪಾಠ ಎರಡನ್ನೂ ನಡೆಸುತ್ತಿರುವವರು ದಯವಿಟ್ಟು ಹೇಳಿ. ರಿಯಾಜ್ ಬೆಳಿಗ್ಗೆ ಮುಗಿಸುತ್ತೀರಾ? ಪಾಠದಲ್ಲಿ ನುಡಿಸುವುದನ್ನು ಕಡಿಮೆ ಮಾಡಿ, ಬಾಯಲ್ಲಿ ಹಾಡಿ ಹೇಳಿಕೊಟ್ಟರೆ ಮಕ್ಕಳಿಗೆ ಸಾಕಾಗುತ್ತದಾ? ಆಡಿಷನ್‌ಗೆ ಎಷ್ಟು ರಾಗ ಗಟ್ಟಿ ಮಾಡಿಕೊಂಡಿದ್ದಿರಿ? ಫೀಸ್ ತಿಂಗಳ ಲೆಕ್ಕವೋ, ಕ್ಲಾಸಿನ ಲೆಕ್ಕವೋ? ಕರ್ನಾಟಕ ಶೈಲಿಯ ಎಂಟು ತೂತಿನ ವೇಣು ನುಡಿಸುವವರ ಅನುಭವವೂ ಬೇಕು.