ಕೈಗಾ ಹತ್ತಿರ ಮನೆ ಅಂದರೆ ನೆಂಟಸ್ತಿಕೆಗೂ ಅಡ್ಡಿಯಾ?

ಮಲ್ಲಾಪುರದವ:
ನಮ್ಮ ಮನೆ ಕೈಗಾ ಅಣು ವಿದ್ಯುತ್ ಸ್ಥಾವರದ ಟೌನ್‌ಶಿಪ್ ಹತ್ತಿರ. ಕಳೆದ ತಿಂಗಳು ತಂಗಿಯನ್ನು ನೋಡಲು ಶಿರಸಿ ಕಡೆಯವರು ಬಂದಿದ್ದರು. ಜಾತಕ ಕೂಡಿತ್ತು, ಹುಡುಗನಿಗೂ ಮನಸ್ಸಿತ್ತು. ಅಮ್ಮ ಮುರುಗಲ ಪಾನಕ ತಂದಿಟ್ಟಳು. ಹುಡುಗನ ಸೋದರತ್ತೆ ಮೆಲ್ಲಗೆ ಕೇಳಿದರು, "ಇದು ಬಾವಿ ನೀರಾ?" ಹೌದು ಅಂದೆವು. ಲೋಟ ಮುಟ್ಟಲಿಲ್ಲ. ಕಾರಿನಿಂದ ಬಾಟಲಿ ತರಿಸಿಕೊಂಡರು!

ನಾನು ಸುಮ್ನಿರಬೇಕಿತ್ತು. "ಅತ್ತೆ, ಇಲ್ಲಿಯ 1ನೇ ಘಟಕ 2018ರ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತ್ತು" ಅಂದೆ. "ಅಯ್ಯೋ, ಅಷ್ಟು ದಿನ ನಿಲ್ಲಿಸಲೇ ಇಲ್ವಾ?" ಅಂತ ಇನ್ನೂ ಹೆದರಿದರು. ಎರಡು ದಿನ ಬಿಟ್ಟು ಬೇಡ ಅಂತ ಫೋನ್ ಬಂತು.

ಈಗ 700 ಮೆಗಾವ್ಯಾಟ್‌ನ ಇನ್ನೆರಡು ಘಟಕ ಬರುತ್ತಿವೆ. ಈ ಹೆದರಿಕೆ ಹೋಗುವುದು ಹೇಗೆ?

ಕೋಡಿಬಾಗ ಮಾಸ್ತರ:
ತಮ್ಮಾ, ಅವರದ್ದು ಬರೀ ಮೂಢನಂಬಿಕೆ ಅನ್ನಬೇಡ. ಕೈಗಾ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ನಿಂತಿದ್ದರು. ಸೋತರು, ಆದರೆ ಮಾತು ಮನೆಮನೆಯಲ್ಲಿ ಉಳಿಯಿತು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಆಗ ಒಳಗೆ ಇಂಧನವೇ ಇರಲಿಲ್ಲ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? 'ಬಿತ್ತು' ಅನ್ನೋದಷ್ಟೇ ಉಳಿಯಿತು. 2009ರಲ್ಲಿ ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರ್‌ಗೇ ಟ್ರಿಟಿಯಂ ಅನ್ನೋ ವಿಕಿರಣದ ವಸ್ತು ಸೇರಿತ್ತು. ಅತ್ತೆ ನೀರಿನ ಬಗ್ಗೆ ಕೇಳಿದ್ದು ಸುಮ್ನೆ ಅಲ್ಲ.

ಗೇರುಸೊಪ್ಪೆ ತೋಟಿಗ:
ವಿಕಿರಣ ಒಂದೇ ಕಾರಣ ಅಲ್ಲ. ನಮ್ಮಲ್ಲಿ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಅಂದರೂ ಜನ ಎದ್ದು ನಿಲ್ಲುತ್ತಾರೆ. ಅದರಲ್ಲಿ ಇರುವುದು ನೀರು ಮಾತ್ರ. ಕೆಳಗಿನ ನೀರು ಮೇಲಿನ ತಳಕಳಲೆ ಜಲಾಶಯಕ್ಕೆ ಏರಿಸುವುದು, ಬೇಕಾದಾಗ ಇಳಿಸಿ ಕರೆಂಟ್ ಮಾಡುವುದು. ಆದರೆ ಅಣೆಕಟ್ಟಿಗೆ ಒಮ್ಮೆ ಮನೆ ಬಿಟ್ಟವರಿಗೆ ಇನ್ನೊಮ್ಮೆ 'ಏನೂ ಆಗೋದಿಲ್ಲ' ಅಂದರೆ ನಂಬುತ್ತಾರಾ? ಸೋಲಾರ್ ಪಂಪ್ ಅಂದರೆ ಅದೇ ಜನ ಸಾಲಲ್ಲಿ ನಿಲ್ಲುತ್ತಾರೆ. ಅದು ಅವರ ತೋಟದಲ್ಲೇ ಇರುತ್ತದೆ, ಬೇಡ ಅಂದರೆ ಅವರೇ ಆಫ್ ಮಾಡಬಹುದು.

ಮಲ್ಲಾಪುರದವ:
ಕೈಗಾದಲ್ಲೇ ಪ್ರಯೋಗಾಲಯ ಇದೆಯಲ್ಲ, ನೀರು, ಮೀನು, ಹಾಲು ಎಲ್ಲ ಪರೀಕ್ಷೆ ಮಾಡುತ್ತಾರೆ.

ಕೋಡಿಬಾಗ ಮಾಸ್ತರ:
ಅದೂ ಅಣುಶಕ್ತಿ ಇಲಾಖೆಯದ್ದೇ, ಸ್ಥಾವರವೂ ಅದೇ ಇಲಾಖೆಯದ್ದು. ಪರೀಕ್ಷೆ ಬರೆದವನ ಅಪ್ಪನೇ ಪೇಪರ್ ತಿದ್ದಿದರೆ ಮಾರ್ಕ್ಸ್ ಸರಿ ಇದ್ದರೂ ಊರು ನಂಬೋದಿಲ್ಲ. ನಲವತ್ತು ವರ್ಷ ಪಾಠ ಹೇಳಿದವನ ಮಾತು ಇದು. ಯಾವುದಾದರೂ ಕಾಲೇಜಿನ ಹುಡುಗರು ಬಂದು ನಿಮ್ಮ ಬಾವಿ ನೀರು ಅಳೆದು, ಪಂಚಾಯ್ತಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಲಿ, ಆಗ ನೋಡೋಣ.

ಮಲ್ಲಾಪುರದವ:
ಹೊನ್ನಾವರದಿಂದ ಇನ್ನೊಂದು ಸಂಬಂಧ ಬಂದಿದೆ, ಭಾನುವಾರ ಬರುತ್ತಾರೆ. ಈ ಸಲ 962ರ ಮಾತು ಎತ್ತೋದಿಲ್ಲ.