ಶಾಂಪೂ, ಕಂಡೀಷನರ್, ಬಣ್ಣ: ಯಾವುದನ್ನು ಯಾವಾಗ ಕೊಂಡರೆ ಹಣ ಉಳಿಯುತ್ತದೆ?

ಪ್ರಶ್ನೆ (ಗುಂಪಿನ ಸದಸ್ಯೆ): ನಮಸ್ಕಾರ ಮೇಡಂ. ವರ್ಷಕ್ಕೆ ಎರಡು ಬಾರಿ ನಡೆಯುವ ದೊಡ್ಡ ರಿಯಾಯಿತಿ ಮಾರಾಟದಲ್ಲಿ ನಾನು ಶಾಂಪೂ, ಕಂಡೀಷನರ್, ಹೇರ್ ಮಾಸ್ಕ್ ಎಲ್ಲವನ್ನೂ ಒಟ್ಟಿಗೆ ಕೊಂಡುಬಿಡುತ್ತೇನೆ. ಅರ್ಧ ಬೆಲೆಗೇ ಸಿಕ್ಕರೂ ವರ್ಷದ ಕೊನೆಯಲ್ಲಿ ಕೂಡಿ ನೋಡಿದರೆ ಖರ್ಚು ಇಳಿದಿರುವುದಿಲ್ಲ, ಅರ್ಧ ಬಳಸಿ ಬಿಟ್ಟ ಡಬ್ಬಿಗಳು ಮಾತ್ರ ಕಪಾಟಿನಲ್ಲಿ ತುಂಬಿಕೊಂಡಿವೆ. ಸಲೂನ್ ನಡೆಸುವ ನೀವು ಯಾವುದನ್ನು ಯಾವಾಗ ಕೊಳ್ಳಬೇಕೆಂದು ಹೇಗೆ ತೀರ್ಮಾನಿಸುತ್ತೀರಿ?

ಉತ್ತರ (ಕೇಶವಿನ್ಯಾಸಕಿ): ನಮಸ್ಕಾರ. ಸಲೂನಿನಲ್ಲಿ ನಾವು ಮೊದಲು ನೋಡುವುದು ಸಾಮಗ್ರಿ ಖರ್ಚಾಗುವ ವೇಗವನ್ನು. ಮಾರಾಟದ ದಿನಾಂಕ ಆಮೇಲಿನ ಮಾತು. ನಿಮ್ಮ ಕೂದಲಿಗೆ ಒಂದು ಬಾರಿಗೆ 10 ಮಿಲಿಲೀಟರ್ ಶಾಂಪೂ ಬೇಕು, ವಾರಕ್ಕೆ ಮೂರು ಬಾರಿ ತಲೆ ತೊಳೆಯುತ್ತೀರಿ ಎಂದಿಟ್ಟುಕೊಳ್ಳೋಣ. ಆಗ ವಾರಕ್ಕೆ 30 ಮಿಲಿಲೀಟರ್ ಆಯಿತು; 250 ಮಿಲಿಲೀಟರಿನ ಬಾಟಲಿ ಎಂಟು ವಾರ ದಾಟುತ್ತದೆ, ಒಂದು ಲೀಟರಿನದು ಸುಮಾರು 33 ವಾರ ಬರುತ್ತದೆ. ಎರಡು ಮಾರಾಟಗಳ ನಡುವೆ 26 ವಾರಗಳ ಅಂತರವಿದ್ದರೆ ನಿಮಗೆ ಬೇಕಾಗುವುದು 780 ಮಿಲಿಲೀಟರ್. ಅಂದರೆ ಒಂದು ದೊಡ್ಡ ಬಾಟಲಿ ಸಾಕು. ‘ಎರಡು ಕೊಂಡರೆ ಮೂರನೆಯದು ಉಚಿತ’ ಎಂಬ ಫಲಕದ ಮುಂದೆ ನಿಂತಾಗ ಈ ಲೆಕ್ಕ ಕೈಯಲ್ಲಿದ್ದರೆ, ಮುಂದಿನ ಮಾರಾಟದಲ್ಲಿ ಇದೇ ಬೆಲೆಗೆ ಸಿಗಲಿರುವ ವಸ್ತುವಿಗೆ ಇಂದೇ ಹಣ ಕಟ್ಟುವುದು ತಪ್ಪುತ್ತದೆ.

ಇನ್ನೊಂದು ಗಡಿಯಾರ ಡಬ್ಬಿಯ ಮೇಲೆಯೇ ಇರುತ್ತದೆ. ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ 6ಎಂ, 12ಎಂ ಅಥವಾ 24ಎಂ ಎಂದು ಮುದ್ರಿಸಿರುವುದನ್ನು ನೀವು ನೋಡಿರಬಹುದು. ತೆರೆದ ಮೇಲೆ ಎಷ್ಟು ತಿಂಗಳೊಳಗೆ ಬಳಸಿ ಮುಗಿಸಬೇಕು ಎಂಬುದನ್ನು ಅದು ಹೇಳುತ್ತದೆ. ಮೇಲೆ ಹೇಳಿದ ಒಂದು ಲೀಟರ್ ಶಾಂಪೂವಿನ ಮೇಲೆ 12ಎಂ ಇದ್ದರೆ ಯಾವ ಚಿಂತೆಯೂ ಇಲ್ಲ. ಆದರೆ ಹೇರ್ ಮಾಸ್ಕಿನ ಲೆಕ್ಕ ಬೇರೆ. ವಾರಕ್ಕೊಮ್ಮೆ 15 ಮಿಲಿಲೀಟರ್ ಹಚ್ಚಿಕೊಳ್ಳುವವರಿಗೆ 500 ಮಿಲಿಲೀಟರಿನ ಡಬ್ಬಿ 33 ವಾರ ಬರುತ್ತದೆ. ಅದರ ಮೇಲೆ 6ಎಂ ಎಂದಿದ್ದರೆ ಕೊನೆಯ ಏಳು ವಾರಗಳ ಪಾಲು ಅವಧಿ ಮೀರಿದ್ದು. ಇಂಥ ಕಡೆ ಲೀಟರಿನ ಲೆಕ್ಕದಲ್ಲಿ ದುಬಾರಿಯಾಗಿ ಕಂಡರೂ 200 ಮಿಲಿಲೀಟರಿನ ಡಬ್ಬಿಯೇ ಅಗ್ಗ. ನಿಮ್ಮ ಕಪಾಟಿನಲ್ಲಿ ಉಳಿದಿರುವ ಡಬ್ಬಿಗಳಲ್ಲಿ ಹೆಚ್ಚಿನವು ಮಾಸ್ಕುಗಳೇ ಇರಬೇಕೆಂದು ನನ್ನ ಊಹೆ.

ತೆರೆಯದ ಬಾಟಲಿ ತಂಪಾದ, ಕತ್ತಲೆಯ ಜಾಗದಲ್ಲಿ ಬಹುಕಾಲ ಕೆಡದೆ ಉಳಿಯುತ್ತದೆ. ಆದ್ದರಿಂದ ಎರಡು ಬಾಟಲಿ ಕೊಂಡಿದ್ದರೆ ಒಂದು ಪೂರ್ತಿ ಮುಗಿಯುವವರೆಗೆ ಇನ್ನೊಂದರ ಸೀಲು ಒಡೆಯಬೇಡಿ, ಒಡೆದ ದಿನ ತಳಭಾಗದಲ್ಲಿ ದಿನಾಂಕ ಬರೆಯಿರಿ. ಸ್ನಾನದ ಮನೆಯ ಬಿಸಿ ಮತ್ತು ತೇವದಲ್ಲಿ ದಾಸ್ತಾನು ಇಡಬಾರದು. ಕೊನೆಯ ಹನಿಗಾಗಿ ಬಾಟಲಿಗೆ ನೀರು ಸುರಿಯುವ ಅಭ್ಯಾಸವೂ ಹಲವರಿಗಿದೆ. ನೀರು ಬೆರೆತರೆ ಸಂರಕ್ಷಕಗಳು ತೆಳುವಾಗಿ ಸೂಕ್ಷ್ಮಜೀವಿಗಳು ಬೆಳೆಯಲು ದಾರಿಯಾಗುತ್ತದೆ, ಹಾಗಾಗಿ ನೀರು ಹಾಕಿದ್ದನ್ನು ಅಂದೇ ಬಳಸಿ ಮುಗಿಸಬೇಕು.

ಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ಮಾರಾಟಕ್ಕೆ ಕಾಯುವುದರಲ್ಲಿ ಅರ್ಥವೇ ಇಲ್ಲವೇ?

ಉತ್ತರ: ಖಂಡಿತ ಇದೆ, ಆದರೆ ಕಾಯುವವರ ಬಳಿ ಎರಡು ಅಂಕಿಗಳಿರಬೇಕು: ನಿಮ್ಮ ವಸ್ತುವಿನ ಮಾಮೂಲಿ ಬೆಲೆ ಮತ್ತು ಪ್ರತಿ 100 ಮಿಲಿಲೀಟರಿಗೆ ಬೀಳುವ ಬೆಲೆ. ಮಾರಾಟಕ್ಕೆ ಮುಂಚೆ ಬೆಲೆ ಏರಿಸಿ ಆಮೇಲೆ ಇಳಿಸುವ ಅಂಗಡಿಗಳೂ ಇವೆ. ಎರಡು ಮೂರು ತಿಂಗಳ ಬೆಲೆ ಬರೆದಿಟ್ಟುಕೊಂಡವರು ಇದಕ್ಕೆ ಮೋಸಹೋಗುವುದಿಲ್ಲ. ಘೋಷಿತ ಮಾರಾಟಗಳಿಗಿಂತ ನಾನು ಹೆಚ್ಚು ನಂಬುವ ಕಾಲ ಬೇರೊಂದಿದೆ: ಕಂಪನಿಯು ಬಾಟಲಿಯ ವಿನ್ಯಾಸವನ್ನೋ ಹೆಸರನ್ನೋ ಬದಲಾಯಿಸಿದಾಗ ಅಂಗಡಿಯವರು ಹಳೆಯ ದಾಸ್ತಾನನ್ನು ಖಾಲಿ ಮಾಡಲು ಬೆಲೆ ಇಳಿಸುತ್ತಾರೆ. ಒಳಗಿನ ವಸ್ತು ಬಹುಪಾಲು ಅದೇ ಆಗಿರುತ್ತದೆ, ಘಟಕಗಳ ಪಟ್ಟಿಯನ್ನು ಹೋಲಿಸಿ ನೋಡಿದರೆ ತಿಳಿಯುತ್ತದೆ. ಉಡುಗೊರೆ ಪೆಟ್ಟಿಗೆಗಳ ಮೇಲೂ ಉಡುಗೊರೆಯ ಕಾಲ ಮುಗಿದ ವಾರ ಬೆಲೆ ಇಳಿಯುವುದುಂಟು, ಆದರೆ ಅದರಲ್ಲಿರುವ ಪ್ರತಿಯೊಂದನ್ನೂ ನೀವು ಬಳಸುವುದಾದರೆ ಮಾತ್ರ ಅದನ್ನು ಕೊಳ್ಳಿ. ಯಾವುದೇ ಹೊಸ ವಸ್ತುವನ್ನು ಮೊದಲ ಬಾರಿಗೆ ದೊಡ್ಡ ಗಾತ್ರದಲ್ಲಿ ಕೊಳ್ಳಬೇಡಿ, ಎಷ್ಟೇ ರಿಯಾಯಿತಿ ಇರಲಿ. ಕೂದಲಿಗೆ ಒಗ್ಗದ ಒಂದು ಲೀಟರ್ ಕಂಡೀಷನರನ್ನು ಯಾರಿಗೂ ದಾನ ಮಾಡಲೂ ಆಗುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಬಿಳಿ ಕೂದಲಿಗೆ ಮನೆಯಲ್ಲೇ ಬಣ್ಣ ಹಚ್ಚಿಕೊಳ್ಳುತ್ತೇನೆ. ರಿಯಾಯಿತಿ ಸಿಕ್ಕಾಗ ವರ್ಷಕ್ಕಾಗುವಷ್ಟು ಪೆಟ್ಟಿಗೆ ಕೊಂಡಿಡಬಹುದೇ? ಅರ್ಧ ಉಳಿದ ಬಣ್ಣವನ್ನು ಮುಂದಿನ ಬಾರಿಗೆ ಇಟ್ಟುಕೊಳ್ಳಬಹುದೇ?

ಉತ್ತರ: ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು, ಆದ್ದರಿಂದ ಮೊದಲು ಅದನ್ನು ಹೇಳುತ್ತೇನೆ. ಕಲಸಿದ ಬಣ್ಣವನ್ನು ಇಡಬಾರದು. ಡೆವಲಪರಿನಲ್ಲಿರುವ (ಹಚ್ಚುವ ಮುನ್ನ ಬಣ್ಣಕ್ಕೆ ಕಲಸುವ ದ್ರವ ಅಥವಾ ಕ್ರೀಮಿನಲ್ಲಿರುವ) ಹೈಡ್ರೋಜನ್ ಪೆರಾಕ್ಸೈಡ್ ಬಣ್ಣದೊಡನೆ ಬೆರೆತ ಕ್ಷಣದಿಂದಲೇ ಕ್ರಿಯೆ ನಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಶಕ್ತಿ ಮುಗಿಯುತ್ತದೆ, ಜೊತೆಗೆ ಮುಚ್ಚಿಟ್ಟ ಬಾಟಲಿಯೊಳಗೆ ಅನಿಲ ತುಂಬಿ ಅದು ಸಿಡಿಯುವ ಅಪಾಯವಿದೆ. ಬುಡಕ್ಕೆ ಮಾತ್ರ ಹಚ್ಚುವವರು ಬಣ್ಣದ ಟ್ಯೂಬನ್ನೂ ಡೆವಲಪರನ್ನೂ ಬೇರೆಬೇರೆಯಾಗಿ ಕೊಂಡು, ತಯಾರಕರು ಹೇಳಿದ ಪ್ರಮಾಣದಲ್ಲಿ ಬೇಕಾದಷ್ಟನ್ನೇ ಕಲಸಿಕೊಂಡರೆ ಉಳಿತಾಯ ಅಲ್ಲಿಂದಲೇ ಶುರುವಾಗುತ್ತದೆ. ಡೆವಲಪರಿನ ಸಾಮರ್ಥ್ಯ 3, 6, 9, 12 ಶೇಕಡಾ ಎಂದು ಇರುತ್ತದೆ. ಬಿಳಿ ಮುಚ್ಚಲು ಸಾಮಾನ್ಯವಾಗಿ 6 ಶೇಕಡಾದ್ದನ್ನು ಬಳಸುತ್ತಾರೆ.

ದಾಸ್ತಾನಿನ ವಿಷಯಕ್ಕೆ ಬಂದರೆ, ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಬಿಳಿ ನಾಲ್ಕರಿಂದ ಆರು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ, ಹಾಗಾಗಿ ನಿಮ್ಮ ಖರೀದಿಯ ದಿನಗಳು ಮೊದಲೇ ಗೊತ್ತಿರುವಂಥವು. ಸೀಲು ಒಡೆಯದ ಮೂರು ನಾಲ್ಕು ಪೆಟ್ಟಿಗೆಗಳನ್ನು ರಿಯಾಯಿತಿಯಲ್ಲಿ ಕೊಂಡಿಡುವುದು ಜಾಣತನ. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಬಿಳಿಯ ಪ್ರಮಾಣ ಬದಲಾದಂತೆ ಛಾಯೆಯನ್ನೂ ಬದಲಾಯಿಸಬೇಕಾಗಬಹುದು, ಚರ್ಮಕ್ಕೆ ಹೊಸದಾಗಿ ಅಲರ್ಜಿಯೂ ಬರಬಹುದು. ಹಳೆಯ ಬಣ್ಣವೇ ಆದರೂ ಪ್ರತಿ ಬಾರಿ ಹಚ್ಚುವ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷಿಸಿ ನೋಡಿ.

ಪ್ರಶ್ನೆ: ಕೂದಲು ಉದುರುವುದಕ್ಕೆ ಮಿನಾಕ್ಸಿಡಿಲ್ ಬಳಸುತ್ತಿದ್ದೇನೆ. ಮುಂದಿನ ತಿಂಗಳು ಬೆಲೆ ಇಳಿಯಬಹುದೆಂದು ಈಗಿನ ಬಾಟಲಿ ಮುಗಿದ ಮೇಲೆ ಸ್ವಲ್ಪ ದಿನ ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅದು ಔಷಧಿ, ಫಲ ಕಾಣಲು ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು, ನಿಲ್ಲಿಸಿದರೆ ಬಂದ ಕೂದಲು ಕೆಲವು ತಿಂಗಳಲ್ಲಿ ಮತ್ತೆ ಹೋಗುತ್ತದೆ. ಇಲ್ಲಿ ರಿಯಾಯಿತಿಗಾಗಿ ಕಾಯುವುದೆಂದರೆ ಆವರೆಗೆ ಖರ್ಚು ಮಾಡಿದ ಹಣವನ್ನೇ ಪಣಕ್ಕಿಡುವುದು. ಬಾಟಲಿಯಲ್ಲಿ ಎರಡು ವಾರಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತನ್ನಿ, ಬೆಲೆ ಇಳಿದಾಗ ಒಂದನ್ನು ಹೆಚ್ಚಾಗಿ ತಂದಿಡಿ, ಮುಕ್ತಾಯದ ದಿನಾಂಕ ನೋಡಿ. ಪ್ರಮಾಣ, ಅವಧಿಗಳ ಬಗ್ಗೆ ಚರ್ಮರೋಗ ತಜ್ಞರನ್ನೇ ಕೇಳಬೇಕು. ತಲೆಹೊಟ್ಟಿನ ಕೀಟೊಕೊನಜೋಲ್ ಶಾಂಪೂವಿನ ರೀತಿ ಇದಕ್ಕೆ ತದ್ವಿರುದ್ಧ: ಸಾಮಾನ್ಯವಾಗಿ ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬಳಸಿ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಾಕಾಗುವುದರಿಂದ ಅದನ್ನು ಜೋಡಿಯಾಗಿ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ಪ್ರತಿ ತಿಂಗಳೂ ತಾನಾಗಿ ಮನೆಗೆ ಬರುವ ಚಂದಾ ಯೋಜನೆಯಲ್ಲಿ ರಿಯಾಯಿತಿ ಕೊಡುತ್ತಾರೆ. ಅದು ಲಾಭವೇ?

ಉತ್ತರ: ಮೇಲಿನ ಲೆಕ್ಕದಂತೆ ನಿಮ್ಮ ಬಾಟಲಿ ಎಂಟು ವಾರ ಬರುವುದಾದರೆ ತಿಂಗಳ ಚಂದಾ ನಿಮಗೆ ಬೇಕಾದುದರ ಎರಡರಷ್ಟನ್ನು ಮಾರುತ್ತದೆ. ಎಂಟು ವಾರದ ಅಂತರವನ್ನು ಆಯ್ದುಕೊಳ್ಳಲು ಅವಕಾಶವಿದ್ದು, ನಡುವೆ ಒಂದು ಸರದಿಯನ್ನು ಬಿಡಬಹುದಾದರೆ ಮಾತ್ರ ಸೇರಿಕೊಳ್ಳಿ.